ಒಂದು ಕಡ್ಡಿ, ಒಂದು ಉಂಡೆ ಉಲ್ಲನ್

ಮಕ್ಕಳೇ, ಈ ರಜೆಯಲ್ಲಿ ಕ್ರೋಶಾ ಕಲಿಯಿರಿ. ಹುಡುಗರಿಗೂ ಸೇರಿಸಿಯೇ ಹೇಳ್ತಿದ್ದೀನಿ. ಬೇಕಾಗೋದು 5 ಮಿ.ಮೀ. ಕ್ರೋಶಾ ಕಡ್ಡಿ, ತಿಳಿಬಣ್ಣದ ದಪ್ಪ ಉಲ್ಲನ್. ಕಪ್ಪು ಬೇಡ, ಸ್ಟಿಚ್ ಕಾಣಿಸೋದಿಲ್ಲ. ನಿಟ್ಟಿಂಗ್‌ನಲ್ಲಿ ಕಡ್ಡಿ ತುಂಬಾ ಕುಣಿಕೆಗಳಿರುತ್ತವೆ. ಕ್ರೋಶಾದಲ್ಲಿ ಒಂದು ಸ್ಟಿಚ್ ಮುಗಿದಾಗ ಉಳಿಯೋದು ಸಾಮಾನ್ಯವಾಗಿ ಒಂದೇ. ತಪ್ಪಾದರೆ ಕಡ್ಡಿ ತೆಗೆದು ದಾರ ಎಳೆದರಾಯ್ತು, ಬಿಚ್ಚಿಕೊಳ್ಳುತ್ತೆ. ನಮ್ಮ ಸಾಫ್ಟ್‌ವೇರ್‌ನವರ ‘ಅನ್‌ಡೂ’ ಇದ್ದ ಹಾಗೆ, ದಾರ ಮಾತ್ರ ಸ್ವಲ್ಪ ಸುಕ್ಕಾಗಿರುತ್ತೆ.

ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಮಗು ಚೌಕ ಅಂತ ಶುರು ಮಾಡಿದ್ದು ತ್ರಿಕೋನ ಆಗಿಬಿಡುತ್ತೆ. ಪ್ರತಿ ಸಾಲಿನ ಕೊನೆಯ ಸ್ಟಿಚ್ ಬಿಟ್ಟುಹೋಗಿರುತ್ತೆ, ಹೊಸಬರಿಗೆಲ್ಲ ಆಗೋದೇ. ಆಗ ಫೋನ್ ನೋಡ್ತಾನೇ ‘ಸೂಪರ್ ಪುಟ್ಟಾ’ ಅಂದ್ರೆ ಅದನ್ನ ಪ್ರೋತ್ಸಾಹ ಅಂತ ನಾನು ಒಪ್ಪೋದಿಲ್ಲ. ಅದು ಚೌಕ ಅಲ್ಲ ಅಂತ ಮಗುವಿಗೂ ಗೊತ್ತು. ಕಡ್ಡಿ ಕಿತ್ತುಕೊಂಡು ನೀವೇ ಸರಿಮಾಡೋದು ಇನ್ನೂ ಕೆಟ್ಟದ್ದು. ಪಕ್ಕದಲ್ಲಿ ಕೂತು, ಪ್ರತಿ ಸಾಲು ಮುಗಿದಾಗಲೂ ಜೊತೆಗೆ ಎಣಿಸಿ. ಮೊದಲ ಸಾಲಿನಲ್ಲಿ ಹತ್ತಿದ್ದರೆ ಕೊನೆಯದರಲ್ಲೂ ಹತ್ತು ಬರಬೇಕು. ಕನ್ನಡದಲ್ಲೇ ಎಣಿಸಿ. ಊರಲ್ಲಿರೋ ಅಜ್ಜಿಗೆ ಕ್ರೋಶಾ ಗೊತ್ತಿದ್ರೆ ವಿಡಿಯೋ ಕಾಲ್‌ನಲ್ಲಿ ಅವರನ್ನೂ ಕೂರಿಸಿಕೊಳ್ಳಿ. ‘ಊಟ ಆಯ್ತಾ’ ಆದ್ಮೇಲೂ ಮಾತಾಡೋಕೆ ಏನಾದ್ರೂ ಸಿಗುತ್ತೆ.