ಪೊರೆಗೆ ದಿನ ಗೊತ್ತುಮಾಡುವ ಮುನ್ನ

ಪೊರೆ ಆಪರೇಷನ್‌ಗೆಂದು ಬಂದ ಹಿರಿಯರಿಗೆ ಗ್ಲಾಕೋಮಾ (ಹಲವೊಮ್ಮೆ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿನರ ಸಾಯುವ ರೋಗ) ಕೂಡ ಇದೆ ಎಂದು ತಿಳಿದರೆ ಮನೆಯವರ ಬಾಯಲ್ಲಿ ಬರುವ ಮಾತು, ‘ಎರಡನ್ನೂ ಒಟ್ಟಿಗೇ ಮುಗಿಸಿಬಿಡಿ ಡಾಕ್ಟ್ರೇ’. ಮತ್ತೊಮ್ಮೆ ರಜೆ ಹಾಕಿ ಊರಿಂದ ಕರೆತರುವ ತಾಪತ್ರಯ ನೆನೆದರೆ ಬೇಡಿಕೆ ನ್ಯಾಯವಾದದ್ದೇ. ಎಷ್ಟೋ ಕಣ್ಣುಗಳಿಗೆ ಅದು ಸರಿಯೂ ಹೌದು. ಎಲ್ಲ ಕಣ್ಣಿಗೂ ಅಲ್ಲ.

ಕಣ್ಣೊಳಗಿನ ದ್ರವ ಹೊರಹೋಗುವ ಮೂಲೆಯೇ ಮುಚ್ಚಿಕೊಳ್ಳುವ ಬಗೆಯ ಗ್ಲಾಕೋಮಾದಲ್ಲಿ ತಂಟೆಯ ಮೂಲ ಹಲವೊಮ್ಮೆ ಮಸೂರವೇ. ವಯಸ್ಸಾದಂತೆ ದಪ್ಪಗಾಗಿ ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ಸನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಲಿ ಮಸೂರ ತೆಗೆಯುವುದೇ ಚಿಕಿತ್ಸೆ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 2016ರಲ್ಲಿ ಪ್ರಕಟಿಸಿದ ‘ಈಗಲ್’ ಅಧ್ಯಯನ 419 ಮಂದಿಯಲ್ಲಿ ಇದನ್ನು ಒರೆಗೆ ಹಚ್ಚಿತು. ಪೊರೆಯಿಲ್ಲದ ತಿಳಿ ಮಸೂರ ತೆಗೆಸಿಕೊಂಡವರ ಸ್ಥಿತಿ, ಲೇಸರ್‌ನಿಂದ ಐರಿಸ್ಸಿಗೆ ತೂತು ಮಾಡಿಸಿಕೊಂಡವರಿಗಿಂತ ಚೆನ್ನಾಗಿತ್ತು.

ಮೂಲೆ ತೆರೆದೇ ಇದ್ದು ಒತ್ತಡ ಏರುವ ಗ್ಲಾಕೋಮಾದ ಲೆಕ್ಕವೇ ಬೇರೆ. ಹಾನಿ ಕಡಿಮೆಯಿದ್ದು ಒಂದೆರಡು ಡ್ರಾಪ್ಸ್‌ನಲ್ಲೇ ಹಿಡಿತದಲ್ಲಿದ್ದರೆ, ಪೊರೆ ತೆಗೆದಾಗಲೇ ಒತ್ತಡ ತುಸು ಇಳಿಯುವುದುಂಟು. ಜೊತೆಗೆ ದ್ರವ ಹೊರಹರಿಯಲು ಪುಟ್ಟ ಕೊಳವೆ, ಅಂದರೆ ಸ್ಟೆಂಟ್, ಕೂರಿಸಬಹುದು. ಅಮೆರಿಕ 2012ರಲ್ಲಿ ಅಂಥ ‘ಐಸ್ಟೆಂಟ್’ಗೆ ಅನುಮತಿ ಕೊಟ್ಟದ್ದೇ ಪೊರೆ ಆಪರೇಷನ್ ಜೊತೆ ಬಳಸಲೆಂದು.

ದೃಷ್ಟಿನರ ಬಹುಪಾಲು ಸತ್ತಿರುವ ಕಣ್ಣಿಗೆ ಇಷ್ಟು ಸಾಲದು. ಸತ್ತ ನರ ಮರಳುವುದಿಲ್ಲ, ಉಳಿದದ್ದನ್ನು ಕಾಯಬೇಕು. ಅದಕ್ಕಿರುವುದು 1968ರಲ್ಲಿ ಕೇಂಬ್ರಿಡ್ಜ್‌ನ ಜಾನ್ ಕೇರ್ನ್ಸ್ ವಿವರಿಸಿದ ಟ್ರಾಬೆಕ್ಯುಲೆಕ್ಟಮಿ. ಮೇಲ್ರೆಪ್ಪೆಯಡಿ ಬಿಳಿಗುಡ್ಡೆಯಲ್ಲಿ ಸಣ್ಣ ದಾರಿ ಮಾಡಿ ದ್ರವವನ್ನು ಹೊರಬಿಡುತ್ತಾರೆ. ರೆಪ್ಪೆ ಎತ್ತಿದರೆ ಅಲ್ಲೊಂದು ಮಸುಕಾದ ಗುಳ್ಳೆ ಕಾಣುತ್ತದೆ. ಆ ಗುಳ್ಳೆ ಉಳಿದರೆ ಆಪರೇಷನ್ ಉಳಿದಂತೆ. ಪೊರೆಯನ್ನೂ ಅವತ್ತೇ ತೆಗೆದರೆ ಉರಿಯೂತ ಹೆಚ್ಚಿ ಗುಳ್ಳೆ ಕಲೆಗಟ್ಟುವ ಅಪಾಯವಿದೆ. ಹಾಗೆಂದು ಟ್ರಾಬೆಕ್ಯುಲೆಕ್ಟಮಿಯೊಂದನ್ನೇ ಮಾಡಿದರೆ ಪೊರೆ ಬೇಗ ಬಲಿಯುತ್ತದೆ. ಅದನ್ನು ಕೂಡಲೇ ತೆಗೆಯಹೋದರೆ ಮತ್ತೆ ಗುಳ್ಳೆಗೇ ಕುತ್ತು. ಆರು ತಿಂಗಳಾದರೂ ಕಾಯಿರಿ ಎಂದು ಅನೇಕ ಸರ್ಜನ್‌ಗಳು ಹೇಳುವುದು ಸತಾಯಿಸಲಿಕ್ಕಲ್ಲ.

ಇದೆಲ್ಲ ಯೋಚಿಸಲು ರೋಗ ಇದೆಯೆಂದು ಮೊದಲು ಗೊತ್ತಾಗಬೇಕಲ್ಲ! ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಪತ್ತೆಯಾದ ಗ್ಲಾಕೋಮಾ ರೋಗಿಗಳ ಪೈಕಿ ಸುಮಾರು ಹತ್ತಕ್ಕೆ ಒಂಬತ್ತು ಜನಕ್ಕೆ ಅದುವರೆಗೆ ಸುಳಿವೇ ಇರಲಿಲ್ಲ.

ಆ ಸುಳಿವು ಸಿಗಬಹುದಾದ ಒಂದು ಜಾಗ ನೇತ್ರ ಶಿಬಿರ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಒಯ್ದ ನೇತ್ರ ಶಿಬಿರಗಳು ಎಷ್ಟೋ ಮನೆಗಳಲ್ಲಿ ಕಣ್ಣಿನ ಆಪರೇಷನ್ನಿನ ಭಯ ಬಿಡಿಸಿದವು. ಇಂದಿನ ಶಿಬಿರಗಳು ‘ಇಷ್ಟು ಪೊರೆ ತೆಗೆದೆವು’ ಎಂಬ ಬ್ಯಾನರಿಗೇ ತೃಪ್ತಿಪಡಬಾರದು. ದಿನ ಗೊತ್ತುಮಾಡುವ ಮೊದಲೇ ಕಣ್ಣಿನ ಒತ್ತಡ ಅಳೆದು, ನರ ನೋಡಿ, ಚೀಟಿಯಲ್ಲಿ ಬರೆಯುವುದು ಕಡ್ಡಾಯವಾಗಲಿ. ಡಿಸ್ಚಾರ್ಜ್ ಚೀಟಿಗೂ ಒಂದೆರಡು ಸಾಲು ಸೇರಲಿ. ಪೊರೆ ತೆಗೆದ ಮೇಲೆ ಹಾಕುವ ಸ್ಟೀರಾಯ್ಡ್ ಡ್ರಾಪ್ಸ್ ಕೆಲವರಲ್ಲಿ ಒತ್ತಡ ಏರಿಸುತ್ತದೆ, ಗ್ಲಾಕೋಮಾ ಇದ್ದವರಲ್ಲಿ ಇನ್ನೂ ಹೆಚ್ಚು. ಗ್ಲಾಕೋಮಾದ ಹಳೆಯ ಡ್ರಾಪ್ಸ್ ಮುಂದುವರಿಸಬೇಕೇ, ಒತ್ತಡ ಮತ್ತೆ ಯಾವತ್ತು ನೋಡಿಸಬೇಕು ಎಂಬುದನ್ನು ತಾರೀಖಿನ ಸಮೇತ ಕನ್ನಡದಲ್ಲಿ ಬರೆದುಕೊಡಲಿ.