ಎರಡೇ ಮೈಕು ಸಾಕು

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ ಕ್ರಿಸ್‌ಮಸ್ ಹಿಂದಿನ ದಿನ ನಡೆಯುವ ವೃಂದಗಾನವನ್ನು ಬಿಬಿಸಿ ಮೊದಲು ಪ್ರಸಾರ ಮಾಡಿದ್ದು 1928ರಲ್ಲಿ. ಅಂಥ ಕಟ್ಟಡದಲ್ಲಿ ಹಾಡುವವರ ಜೊತೆ ಗೋಡೆ, ಚಾವಣಿಗಳೂ ಹಾಡುತ್ತವೆ. ರೆಕಾರ್ಡಿಂಗ್ ಮಾಡುವವರ ತಲೆನೋವು ಅದೇ.

ಪ್ರತಿಧ್ವನಿಗೆ ಹೆದರಿದವರು ಸಾಮಾನ್ಯವಾಗಿ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕು ತರುತ್ತಾರೆ. ಮಾತು ಸ್ಪಷ್ಟವಾಗುತ್ತದೆ, ನಿಜ. ಆದರೆ ದೂರದಿಂದ ಬರುವ ಮಂದ್ರ ಅದರಲ್ಲಿ ಸೊರಗುತ್ತದೆ. ಆರ್ಗನ್ನಿನ 16 ಅಡಿಯ ತೆರೆದ ಕೊಳವೆಯ ಸ್ವರ ಸೆಕೆಂಡಿಗೆ ಸುಮಾರು 33 ಕಂಪನ. ಅದು ಹೋದರೆ ಉಳಿಯುವುದು ದೊಡ್ಡ ಹಾರ್ಮೋನಿಯಂ ಅಷ್ಟೇ. ಸುತ್ತಲಿನ ಸದ್ದನ್ನೆಲ್ಲ ಹಿಡಿಯುವ ಓಮ್ನಿ ಮೈಕು ಈ ಮಂದ್ರವನ್ನು ಬಿಡುವುದಿಲ್ಲ. 1950ರ ದಶಕದಲ್ಲಿ ಡೆಕ್ಕಾ ಕಂಪನಿಯ ಎಂಜಿನಿಯರುಗಳು ರೂಪಿಸಿದ ‘ಡೆಕ್ಕಾ ಟ್ರೀ’ ಹೆಸರಾದದ್ದೂ ಮೂರು ಓಮ್ನಿಗಳಿಂದಲೇ.

ಹಾಗಾದರೆ ಸಾಹಿತ್ಯದ ಗತಿ? ಅದನ್ನು ಉಳಿಸುವುದು ಮೈಕು ಇಡುವ ಜಾಗ. ಪ್ರತಿಧ್ವನಿ ಮೊದಲು ನುಂಗುವುದು ವ್ಯಂಜನಗಳನ್ನು; ಸ್ವರ ಉಳಿಯುತ್ತದೆ, ಪದ ಅಳಿಯುತ್ತದೆ. ತೀರ ಹತ್ತಿರ ಹೋದರೆ ಒಂದೊಂದು ಗಂಟಲೂ ಬೇರೆಯಾಗಿ ಕೇಳಿ ವೃಂದ ಒಡೆಯುತ್ತದೆ. ಒಂದು ಜೋಡಿ ಓಮ್ನಿಯನ್ನು ಎತ್ತರದ ಸ್ಟ್ಯಾಂಡಿಗೇರಿಸಿ, ‘ತ’, ‘ಕ’ಗಳು ತಿಳಿಯಾಗಿ ಕೇಳುವವರೆಗೆ ಮುಂದೆ ಸರಿಸಬೇಕು, ವೃಂದ ಒಡೆಯುವ ಮುನ್ನ ನಿಲ್ಲಿಸಬೇಕು. ಬೀದಿಯ ಗದ್ದಲ ನುಗ್ಗುವ ಚರ್ಚಿನಲ್ಲಿ ಕಾರ್ಡಿಯಾಯ್ಡ್ ಅನಿವಾರ್ಯವಾದೀತು, ಆ ಮಾತು ಬೇರೆ.

ಹತ್ತು ಮೈಕಿನ ಬಾಡಿಗೆಗಿಂತ, ತಾಲೀಮಿನ ದಿನ ಕಿವಿಗೊಟ್ಟು ನಡೆದಾಡುವ ಒಂದು ಗಂಟೆ ಹೆಚ್ಚು ಬೆಲೆಬಾಳುತ್ತದೆ. ಅಂದು ಕಳೆದುಹೋದ ವ್ಯಂಜನವನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ತಂದುಕೊಡದು.