ಸ್ಟೆಮ್ ಸೆಲ್ ಮಂತ್ರಾಕ್ಷತೆ ಅಲ್ಲ ಸ್ವಾಮಿ!

ಆಟಿಸಂ, ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳ ಅಪ್ಪ-ಅಮ್ಮಂದಿರಿಗೆ ಕೆಲವು ಕ್ಲಿನಿಕ್ಕುಗಳು ಹೇಳೋದಿಷ್ಟೇ: ಸ್ಟೆಮ್ ಸೆಲ್ ಯಾವ ಕೋಶ ಬೇಕಾದ್ರೂ ಆಗುತ್ತೆ, ಒಳಗೆ ಬಿಟ್ರೆ ಸಾಕು, ಏನಾಗಬೇಕು ಅಂತ ಅದಕ್ಕೇ ಗೊತ್ತು. ಇಂಥದೊಂದು ಕರಪತ್ರ ನನ್ನ ಕೈಗೂ ಬಂತು. ಓದಿ ಮೈಯೆಲ್ಲಾ ಉರೀತು.

ಅದಕ್ಕೇ ಗೊತ್ತಾ? ಭ್ರೂಣದ ಮೆದುಳನ್ನೇ ನೋಡಿ. ಮೆದುಳಿನ ಹೊರಪದರ ಕಟ್ಟುವ ಮೂಲಕೋಶಗಳು ಮೊದಲು ನರಕೋಶಗಳನ್ನು ಹುಟ್ಟಿಸುತ್ತವೆ. ನರಕೋಶಗಳಿಗೆ ಆಸರೆಯಾಗೋ ಆಸ್ಟ್ರೋಸೈಟ್‌ಗಳ ಸರದಿ ಆಮೇಲೆ. ನರಕೋಶಗಳಲ್ಲೂ ಕೆಳಪದರದವು ಮೊದಲು, ಮೇಲ್ಪದರದವು ನಂತರ. ಯಾವಾಗ, ಎಲ್ಲಿ, ಯಾರ ಪಕ್ಕ ಹುಟ್ಟಿತು ಅನ್ನೋದರ ಮೇಲೆ ಕೋಶದ ಹಣೆಬರಹ.

1991ರಲ್ಲಿ ಸೂಸನ್ ಮೆಕ್‌ಕಾನೆಲ್ ಮತ್ತು ಸಂಗಡಿಗರು ಫೆರೆಟ್ ಅನ್ನೋ ಪ್ರಾಣಿಯ ಭ್ರೂಣದಿಂದ ಮೂಲಕೋಶ ತೆಗೆದು ನವಜಾತ ಮರಿಯ ಮೆದುಳಿಗೆ ಕಸಿ ಮಾಡಿದರು. ಡಿಎನ್ಎ ನಕಲಾಗುತ್ತಿದ್ದ ಹೊತ್ತಿನಲ್ಲಿ ಕಸಿಯಾದವು ಹೊಸ ಜಾಗದ ಮಾತು ಕೇಳಿ ಮೇಲ್ಪದರ ಸೇರಿದವು. ಕೆಲವೇ ಗಂಟೆ ತಡವಾಗಿ, ನಕಲು ಮುಗಿದ ಮೇಲೆ ಕಸಿಯಾದವು? ಹಳೇ ವಿಳಾಸ ಹಿಡಿದು ಕೆಳಪದರದಲ್ಲೇ ಹೋಗಿ ಕೂತವು. ಗಂಟೆಗಳ ವ್ಯತ್ಯಾಸ ಸ್ವಾಮಿ!

"ಕೋಶಗಳನ್ನು ಹಿಂದಕ್ಕೂ ತಿರುಗಿಸಬಹುದಂತಲ್ಲ" ಅಂತೀರಾ? ಹೌದು. 2019ರಲ್ಲಿ ಜಿನೀವಾದ ತಂಡವೊಂದು ಇಲಿಭ್ರೂಣದ ತುಸು ಬಲಿತ ಮೂಲಕೋಶಗಳನ್ನು ಇನ್ನೂ ಎಳೆಯ ಭ್ರೂಣಕ್ಕೆ ಹಾಕಿದಾಗ ಅವು ಮತ್ತೆ ಕೆಳಪದರದ ನರಕೋಶ ಹುಟ್ಟಿಸಿದವು. ಆದರೆ ಅದಕ್ಕೆ ಅಪ್ಪಣೆ ಕೊಟ್ಟಿದ್ದು ಸುತ್ತಲಿನ ಎಳೆಯ ಮೆದುಳು. ಐದು ವರ್ಷದ ಮಗುವಿನ ಮೆದುಳು ಭ್ರೂಣವಲ್ಲ. ಅದೂ ಅಲ್ಲದೆ ಇಂಥ ಕಡೆ ಸಾಮಾನ್ಯವಾಗಿ ಚುಚ್ಚೋದು ಮೂಳೆಮಜ್ಜೆಯ ಕೋಶ. ರಕ್ತ ತಯಾರಿಸೋ ಮನೆತನದವಕ್ಕೆ ಮೆದುಳಿನ ಪಾಠ ಹೇಳಿಕೊಟ್ಟವರು ಯಾರು?

"ಪ್ರಯೋಜನ ಆಗದಿದ್ರೂ ತೊಂದರೆ ಇಲ್ವಲ್ಲ" ಅನ್ನೋರಿಗೆ ಒಂದು ಮಾತು. ಮಾಸ್ಕೋದಲ್ಲಿ ಭ್ರೂಣದ ನರ ಸ್ಟೆಮ್ ಸೆಲ್ ಹಾಕಿಸಿಕೊಂಡ ಇಸ್ರೇಲಿ ಹುಡುಗನೊಬ್ಬನ ಮೆದುಳು, ಬೆನ್ನುಹುರಿಯಲ್ಲಿ ಗೆಡ್ಡೆ ಬೆಳೆಯಿತು. ಅದು ಬೆಳೆದದ್ದು ದಾನಿಗಳ ಕೋಶದಿಂದಲೇ ಅಂತ 2009ರಲ್ಲಿ ವರದಿಯಾಯಿತು.

ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಸ್ಪಷ್ಟವಾಗಿ ಹೇಳಿದೆ: ಕೆಲವು ರಕ್ತಸಂಬಂಧಿ ಕಾಯಿಲೆಗಳಂಥವಕ್ಕೆ ಮಾಡುವ ಮಜ್ಜೆಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗ, ಪ್ರಯೋಗಕ್ಕೆ ಬಂದವರ ಹತ್ತಿರ ದುಡ್ಡು ಕೇಳುವಂತಿಲ್ಲ. ಹಾಗಾಗಿ ಹೆತ್ತವರೇ, ಎರಡೇ ಪ್ರಶ್ನೆ ಕೇಳಿ: ಇದು ನೋಂದಣಿಯಾದ ಪ್ರಯೋಗವೇ? ಆಗಿದ್ದರೆ ಬಿಲ್ ಯಾಕೆ?

ಉತ್ತರ ಬರದಿದ್ದರೆ ಮಗುವನ್ನು ಎತ್ತಿಕೊಂಡು ಎದ್ದು ಬನ್ನಿ. ಆ ದುಡ್ಡು ಮಾತು ಕಲಿಸೋ ಥೆರಪಿಗಾದರೂ ಆದೀತು.